ಎರಡು ಎಬಿ ಎಲ್ಲಿಂದ ಬಂತು

ಆಸ್ಪತ್ರೆಯ ಹಳೆಯ ಕಟ್ಟಡದಲ್ಲಿ ಇದ್ದದ್ದು ಒಂದೇ ಲಿಫ್ಟು. ಮಡಚುವ ಕಬ್ಬಿಣದ ಬಾಗಿಲು, ಒಳಗೊಂದು ಹಿತ್ತಾಳೆಯ ಹಿಡಿ, ಮೂಲೆಯಲ್ಲಿ ಮರದ ಸ್ಟೂಲು. ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಮೇಲೆ, ಬಲಕ್ಕೆ ತಿರುಗಿಸಿದರೆ ಕೆಳಗೆ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಮಹಡಿಗೆ ಸಮನಾಗಿ ನಿಲ್ಲಿಸುವುದು ಮಾತ್ರ ಕೈಹದ. ಒಂದು ಬೆರಳಿನಷ್ಟು ಹೆಚ್ಚುಕಮ್ಮಿಯಾದರೂ ಸ್ಟ್ರೆಚರಿನ ಗಾಲಿ ಅಂಚಿಗೆ ಬಡಿದು ಮೇಲೆ ಮಲಗಿದ್ದವರು ನರಳುತ್ತಾರೆ. ಹದಿನೇಳು ವರ್ಷ ಆ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸಿನ ಕೈಯಲ್ಲಿ ಯಾರೂ ನರಳಿದ್ದಿಲ್ಲ. ದೊಡ್ಡ ಡಾಕ್ಟರರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಲಿಫ್ಟಮ್ಮ.

ಅವಳ ಮೂವತ್ತೆಂಟನೇ ವಯಸ್ಸಿನಲ್ಲಿ ಆಡಳಿತ ಕಚೇರಿಯಿಂದ ಒಂದು ಕಾಗದ ಬಂತು. ಬರುವ ವರ್ಷ ಹಳೆಯ ಲಿಫ್ಟು ತೆಗೆದು ಹೊಸದನ್ನು ಹಾಕುತ್ತಾರೆ. ಅದಕ್ಕೆ ಗುಂಡಿ ಒತ್ತಿದರೆ ಸಾಕು, ನಡೆಸುವವರು ಬೇಡ. ಹತ್ತನೇ ತರಗತಿ ಪಾಸಾಗಿದ್ದರೆ ಬಟ್ಟೆಬರೆಯ ಉಗ್ರಾಣದಲ್ಲಿ ಸಹಾಯಕಿಯ ಕೆಲಸ, ಇಲ್ಲದಿದ್ದರೆ ಹೊರಗಿನ ಕಂಪನಿಯ ಕೈಕೆಳಗೆ ಅಂಗಳ ಗುಡಿಸುವ ಕೆಲಸ. ಲಿಫ್ಟಮ್ಮ ಹದಿನಾರನೇ ವಯಸ್ಸಿನಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಫೇಲಾಗಿ ಪುಸ್ತಕ ಮುಚ್ಚಿಟ್ಟವಳು. ಅಂದಿನ ಅಂಕಪಟ್ಟಿ ಎಲ್ಲಿ ಹೋಯಿತೋ ದೇವರೇ ಬಲ್ಲ. ಪರೀಕ್ಷಾ ಮಂಡಳಿಯಲ್ಲಿ ವಿಚಾರಿಸಿದರೆ, ಪಠ್ಯವೇ ಬದಲಾಗಿದೆ, ಎಲ್ಲ ವಿಷಯಗಳನ್ನೂ ಹೊಸದಾಗಿ ಬರೆಯಬೇಕು ಎಂದರು. ಪರೀಕ್ಷೆಗೆ ಉಳಿದಿದ್ದದ್ದು ಎಂಟು ತಿಂಗಳು.

ಅವಳಿಗೆ ಗೊತ್ತಿದ್ದ ಓದು ಒಂದೇ ಬಗೆಯದು, ಬಾಯಿಪಾಠ. ಗೈಡು ಕೊಂಡು ತಂದಳು, ಲಿಫ್ಟಿನ ಹಿಡಿಯ ಪಕ್ಕದಲ್ಲಿ ಸಿಕ್ಕಿಸಿಕೊಂಡಳು. ದ್ಯುತಿಸಂಶ್ಲೇಷಣೆಯ ವ್ಯಾಖ್ಯೆ ನೆಲಮಹಡಿಯಲ್ಲಿ ಶುರುವಾದರೆ ಎರಡನೇ ಮಹಡಿಗೆ ಮುಗಿಯಬೇಕು. ಮಧ್ಯದಲ್ಲಿ ಒಂದನೇ ಮಹಡಿಯಲ್ಲಿ ಯಾರಾದರೂ ನಿಲ್ಲಿಸಿ, ಎಕ್ಸರೇ ಎಲ್ಲಿ ಎಂದು ಕೇಳಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ಆ ತಿಂಗಳು ಎಕ್ಸರೇ ಕೇಳಿದವರಿಗೆಲ್ಲ ಅವಳು ಮುಖ ಸಿಂಡರಿಸಿಯೇ ದಾರಿ ತೋರಿಸಿದಳು.

ಎರಡು ತಿಂಗಳಾದ ಮೇಲೆ, ಭಾನುವಾರದ ಟ್ಯೂಷನ್ನಿನ ನಿವೃತ್ತ ಮೇಷ್ಟರು ವಿಜ್ಞಾನದಲ್ಲಿ ಒಂದು ಕಿರುಪರೀಕ್ಷೆ ಕೊಟ್ಟರು. ನೂರಕ್ಕೆ ಹನ್ನೊಂದು ಬಂತು. ಗಿಡವನ್ನು ಮೂರು ದಿನ ಕತ್ತಲ ಕೋಣೆಯಲ್ಲಿಟ್ಟರೆ ಏನಾಗುತ್ತದೆ, ಏಕೆ ಎಂಬ ಪ್ರಶ್ನೆಗೆ ಅವಳು ದ್ಯುತಿಸಂಶ್ಲೇಷಣೆಯ ಇಡೀ ವ್ಯಾಖ್ಯೆಯನ್ನು ಒಂದು ಕೊಂಬೂ ತಪ್ಪದೆ ಬರೆದಿದ್ದಳು. ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡು, "ನೀವು ಬರೆದಿರೋದೆಲ್ಲ ಸರಿ ಇದೆಯಮ್ಮ. ಆದ್ರೆ ಅವರು ಕೇಳಿದ್ದು ಅದಲ್ಲ" ಎಂದರು. ಅವಳಿಗೆ ಆ ಹನ್ನೊಂದು ಅಂಕಕ್ಕಿಂತ ಈ ಮಾತೇ ಹೆಚ್ಚು ಉರಿ ಹತ್ತಿಸಿತು. ಸರಿ ಇದ್ದರೆ ಅಂಕ ಕೊಡಬೇಕು, ಇಲ್ಲದಿದ್ದರೆ ತಪ್ಪು ಅನ್ನಬೇಕು. ಇದೆಂಥ ನ್ಯಾಯ?

ಆ ಉರಿಯಲ್ಲೇ ಅವಳು ಮನೆಗೆ ಬಂದರೆ ಗಂಡ ಇನ್ನೊಂದು ಸುದ್ದಿ ಹೊತ್ತು ಕೂತಿದ್ದ. ಅವನು ನೀರಿನ ಟ್ಯಾಂಕರ್ ಓಡಿಸುವವನು, ಮಾತು ಕಡಿಮೆ, ಯಾರು ಏನು ಕೇಳಿದರೂ ತಲೆಯಾಡಿಸಿಬಿಡುವ ಸ್ವಭಾವ. ಅವನ ಅಕ್ಕ, ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಐವತ್ತೊಂದರ ಹೆಂಗಸು, ತಾನೂ ಅದೇ ಪರೀಕ್ಷೆಗೆ ಕಟ್ಟಿದ್ದೇನೆ ಎಂದಿದ್ದಳಂತೆ. ಓದಲು ಪುರುಸೊತ್ತಿಲ್ಲ, ಕಣ್ಣೂ ಮಸುಕು. ಅದಕ್ಕೇ ತಮ್ಮನ ಹೆಂಡತಿ ದಿನಾ ಸಂಜೆ ಡ್ಯೂಟಿ ಮುಗಿಸಿ ಬರುವಾಗ ಅಂಗಡಿಗೆ ಬಂದು, ತಾನು ಓದಿದ್ದನ್ನು ಹೇಳಿ ಹೋಗಬೇಕು. ಗಂಡ ಒಪ್ಪಿಕೊಂಡು ಬಂದಿದ್ದ.

"ನನಗೇ ಬರಲ್ಲ, ನಾನು ಅವರಿಗೇನು ಹೇಳಲಿ?" ಎಂದಳು ಲಿಫ್ಟಮ್ಮ.

"ಬಂದಷ್ಟು ಹೇಳು" ಎಂದ ಗಂಡ. ಮಾತು ಅಲ್ಲಿಗೆ ಮುಗಿಯಿತು.

ಅತ್ತಿಗೆಯ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಬಳಿ ಮೋಟಾರು ಕೂರಿಸಿದ ಹಳೆಯ ಮೆಷಿನ್ನು, ಗೋಡೆಯುದ್ದಕ್ಕೂ ಕತ್ತರಿಸುವ ಮೇಜು, ಮೊಳೆಗೆ ನೇತುಹಾಕಿದ ಕಂದು ಕಾಗದದ ಅಳತೆ ನಮೂನೆಗಳು, ಕಾಲಿಟ್ಟಲ್ಲೆಲ್ಲ ದಾರದ ಚೂರು. ಅತ್ತಿಗೆ ಕೆಲಸ ಮಾಡುವಾಗ ಬಾಯಲ್ಲಿ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದಳು. ಹೇಳಿದ್ದಕ್ಕೆಲ್ಲ "ಹ್ಞೂಂ" ಎನ್ನುತ್ತಿದ್ದಳು. ಆ ಹ್ಞೂಂ ಎಂದರೆ ಅರ್ಥವಾಯಿತು ಎಂದೋ, ಕೇಳಿಸಲಿಲ್ಲ ಎಂದೋ, ಇನ್ನೊಂದು ಸೂಜಿ ಕೊಡು ಎಂದೋ ತಿಳಿಯುವಂತಿರಲಿಲ್ಲ.

ಮೊದಲ ದಿನ ಲಿಫ್ಟಮ್ಮ ದ್ಯುತಿಸಂಶ್ಲೇಷಣೆಯನ್ನೇ ಎತ್ತಿಕೊಂಡಳು, ಅದು ಗಟ್ಟಿಯಾಗಿ ಬರುತ್ತದಲ್ಲ ಎಂದು. ಸೂರ್ಯನ ಬೆಳಕಿನಲ್ಲಿ ಎಲೆಗಳು ಆಹಾರ ತಯಾರಿಸುತ್ತವೆ ಎಂದು ಹೇಳಿ ಮುಗಿಸುತ್ತಿದ್ದ ಹಾಗೆ ಅತ್ತಿಗೆ ಸೂಜಿಗಳನ್ನು ಬಾಯಿಂದ ತೆಗೆದು ಕೈಗೆ ಹಾಕಿಕೊಂಡಳು. "ಅಂದ್ರೆ ರಾತ್ರಿ ಹೊತ್ತು ಗಿಡಕ್ಕೆ ಉಪವಾಸವಾ?"

"ಅದೆಲ್ಲ ಇಲ್ಲಿ ಕೊಟ್ಟಿಲ್ಲ ಅತ್ತಿಗೆ."

"ಕೊಟ್ಟಿಲ್ಲ ಅಂದ್ರೆ? ಗಿಡ ರಾತ್ರಿ ಏನ್ಮಾಡುತ್ತೆ ಅಂತ ಗಿಡಕ್ಕಾದ್ರೂ ಗೊತ್ತಿರಬೇಕಲ್ಲ."

ಲಿಫ್ಟಮ್ಮ ಗೈಡು ತಿರುವಿದಳು. ಉಪವಾಸದ ಬಗ್ಗೆ ಗೈಡಿನಲ್ಲಿ ಚಕಾರವಿರಲಿಲ್ಲ. ಇಷ್ಟು ವಯಸ್ಸಾದ ಹೆಂಗಸಿಗೆ ಇಂಥ ಮಕ್ಕಳಾಟದ ಪ್ರಶ್ನೆ ಬೇಕಿತ್ತೇ ಎಂದು ಗೊಣಗಿಕೊಂಡೇ ಮನೆಗೆ ನಡೆದಳು. ಆದರೆ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡಿತು. ಮರುದಿನ ರಕ್ತಪರೀಕ್ಷೆಯ ಕೋಣೆಯ ತಂತ್ರಜ್ಞೆ ಮೂರನೇ ಮಹಡಿಗೆಂದು ಲಿಫ್ಟು ಹತ್ತಿದಾಗ ಲಿಫ್ಟಮ್ಮ ಬಾಗಿಲೆಳೆದು ಕೇಳಿಯೇಬಿಟ್ಟಳು. ಹಗಲಲ್ಲಿ ಮಾಡಿದ್ದೆಲ್ಲ ಆಗಲೇ ಖರ್ಚಾಗುವುದಿಲ್ಲ, ಉಳಿದದ್ದು ಪಿಷ್ಟವಾಗಿ ಎಲೆಯಲ್ಲೇ ಕೂಡಿಕೊಳ್ಳುತ್ತದೆ, ರಾತ್ರಿ ಗಿಡ ಅದನ್ನೇ ಬಳಸುತ್ತದೆ ಎಂದು ಆಕೆ ವಿವರಿಸಿದಳು. ಮೂರು ದಿನ ಕತ್ತಲಲ್ಲಿಟ್ಟರೆ ಆ ದಾಸ್ತಾನು ಮುಗಿದುಹೋಗುತ್ತದೆ. ಮೇಷ್ಟರು ಕೇಳಿದ್ದು ಇದನ್ನೇ ಎಂದು ಲಿಫ್ಟಮ್ಮನಿಗೆ ಹೊಳೆದಾಗ ಲಿಫ್ಟು ಮೂರನೇ ಮಹಡಿಯಿಂದ ಅರ್ಧ ಗೇಣು ಮೇಲೆ ಹೋಗಿ ನಿಂತಿತ್ತು. ಹದಿನೇಳು ವರ್ಷದಲ್ಲಿ ಅದೇ ಮೊದಲು.

ಅಲ್ಲಿಂದ ಇದೇ ಪರಿಪಾಠವಾಯಿತು. ಅತ್ತಿಗೆ ಸಂಜೆ ಪ್ರಶ್ನೆ ಎಸೆಯುತ್ತಾಳೆ, ಲಿಫ್ಟಮ್ಮ ಅದನ್ನು ಸಿಡಿಮಿಡಿಗುಟ್ಟುತ್ತ ಹೊತ್ತು ಬಂದು ಮರುದಿನ ಲಿಫ್ಟಿನಲ್ಲಿ ಸಿಕ್ಕವರ ಮೇಲೆ ಇಳಿಸುತ್ತಾಳೆ. ಎರಡು ಮಹಡಿಗಳ ನಡುವೆ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಮೆಷಿನ್ನು ಆರಿಸಿದರೂ ದೀಪ ಏಕೆ ಆರುವುದಿಲ್ಲ ಎಂಬ ಪ್ರಶ್ನೆಗೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಸಿಕ್ಕಿಬಿದ್ದ. ಅವನು ಗೈಡಿನ ಹಿಂದಿನ ರಟ್ಟಿನ ಮೇಲೆ ಚಿತ್ರ ಬರೆದು, ಒಂದರ ಹಿಂದೆ ಒಂದು ಜೋಡಿಸಿದರೆ ಹೇಗೆ, ಅಕ್ಕಪಕ್ಕ ಜೋಡಿಸಿದರೆ ಹೇಗೆ ಎಂದು ತೋರಿಸಿಕೊಟ್ಟ. ಅದನ್ನು ಸಂಜೆ ಅತ್ತಿಗೆಗೆ ಹೇಳಿದರೆ, "ನಿನ್ನೆ ಇದನ್ನೇ ಯಾಕೆ ಹೇಳಲಿಲ್ಲ?" ಎಂದಳು.

ಕಲಿಸುವವರಿಗೆ ತಾಳ್ಮೆ ಇರಬೇಕು ಎನ್ನುತ್ತಾರಲ್ಲ, ಅದು ಲಿಫ್ಟಮ್ಮನಿಗೆ ಇರಲಿಲ್ಲ. ಬರುವಂತೆಯೂ ಕಾಣಲಿಲ್ಲ. ನಿನ್ನೆ ಒಪ್ಪಿದ್ದನ್ನು ಅತ್ತಿಗೆ ಇಂದು ಒಪ್ಪುತ್ತಿರಲಿಲ್ಲ. ಪಾಠ ಮುಖ್ಯವಾದ ಜಾಗಕ್ಕೆ ಬರುವಾಗಲೇ ಯಾರಾದರೂ ಸೊಂಟದಳತೆ ಕೊಡಲು ಬರುತ್ತಿದ್ದರು. ಅವರು ಹೋದ ಮೇಲೆ, ಎಲ್ಲಿದ್ದೆವು ಎಂದು ಕೇಳಿದರೆ ಅತ್ತಿಗೆ ಹಿಂದಿನ ವಾರದ ಪಾಠದಲ್ಲಿರುತ್ತಿದ್ದಳು.

ಬೀಜಗಣಿತದ ದಿನವಂತೂ ಹೊಡೆದಾಟವೇ ಆಗುವುದಿತ್ತು. ಎ ಕೂಡಿಸು ಬಿ, ಇಡೀ ಮೊತ್ತದ ವರ್ಗ. ಉತ್ತರ ಎ ವರ್ಗ, ಬಿ ವರ್ಗ, ಜೊತೆಗೆ ಎರಡು ಎಬಿ. ಲಿಫ್ಟಮ್ಮನಿಗೆ ಇದು ಇಪ್ಪತ್ತೆರಡು ವರ್ಷದಿಂದ ಬಾಯಲ್ಲಿತ್ತು. ಫೇಲಾದ ಮೇಲೂ ಮರೆತಿರಲಿಲ್ಲ.

ಅತ್ತಿಗೆ ಹೊಲಿಗೆ ನಿಲ್ಲಿಸಿದಳು. "ಎ ವರ್ಗ ಸರಿ. ಬಿ ವರ್ಗಾನೂ ಸರಿ. ಈ ಎರಡು ಎಬಿ ಎಲ್ಲಿಂದ ಬಂತು?"

"ಅದು ಸೂತ್ರ."

"ಯಾರ ಮನೆ ಸೂತ್ರ? ಇದ್ದಿದ್ದು ಎರಡು, ಎರಡನ್ನೂ ವರ್ಗ ಮಾಡಿ ಆಯ್ತು. ಮೂರನೇದು ಕರೀದೆ ಬಂದು ಕೂತ್ಕೊಂಡ್ರೆ ನಾನು ಒಪ್ಪಲ್ಲ."

ಒಪ್ಪಬೇಕಾಗಿಲ್ಲ, ಬರೆದರೆ ಸಾಕು ಎಂದು ಲಿಫ್ಟಮ್ಮ ಹೇಳಿದಳು. ಅರ್ಥವಾಗದ್ದನ್ನು ಬರೆಯುವುದಿಲ್ಲ ಎಂದು ಅತ್ತಿಗೆ ಪಟ್ಟು ಹಿಡಿದಳು. ಲಿಫ್ಟಮ್ಮನಿಗೆ ತಲೆ ಕೆಟ್ಟುಹೋಯಿತು. ಮೇಜಿನ ಮೇಲಿದ್ದ ಕಂದು ಕಾಗದವನ್ನು ಎಳೆದುಕೊಂಡಳು, ಅಳತೆ ಪಟ್ಟಿ ಇಟ್ಟಳು, ಎಂಟು ಇಂಚು ಉದ್ದ ಎಂಟು ಇಂಚು ಅಗಲದ ಚೌಕ ಕತ್ತರಿಸಿದಳು. ಎಂಟು ಎಂದರೆ ಐದು ಮತ್ತು ಮೂರು. ಹಾಗಾದರೆ ಇದರಲ್ಲಿ ಐದರ ಚೌಕ ಒಂದು ಇರಬೇಕು. ಕತ್ತರಿಸಿದಳು. ಮೂರರ ಚೌಕ ಒಂದು. ಎದುರು ಮೂಲೆಯಿಂದ ಅದನ್ನೂ ಕತ್ತರಿಸಿದಳು. ಆಮೇಲೆ ಅವಳ ಕೈ ನಿಂತಿತು.

ಮೇಜಿನ ಮೇಲೆ ಎರಡು ಪಟ್ಟಿಗಳು ಉಳಿದಿದ್ದವು. ಒಂದೊಂದೂ ಐದು ಇಂಚು ಉದ್ದ, ಮೂರು ಇಂಚು ಅಗಲ.

ಲಿಫ್ಟಮ್ಮ ಅವನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಒಂದೇ ಸಮ ಇದ್ದವು. ಎ ಇಂಟು ಬಿ ಒಂದು, ಎ ಇಂಟು ಬಿ ಇನ್ನೊಂದು. ಇಪ್ಪತ್ತೆರಡು ವರ್ಷ ಬಾಯಲ್ಲಿಟ್ಟುಕೊಂಡು ತಿರುಗಿದ್ದು ಈ ಎರಡು ತುಂಡು ಕಾಗದವನ್ನೇ ಎಂದು ಅವಳಿಗೆ ಆಗ ಗೊತ್ತಾಯಿತು. ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಶಾಲೆಯಲ್ಲಿ ಯಾರಾದರೂ ಒಂದು ಕಾಗದ, ಒಂದು ಕತ್ತರಿ ಹಿಡಿದಿದ್ದರೆ ಎಷ್ಟು ಹೊತ್ತಿನ ಕೆಲಸವಿತ್ತು ಇದು.

ಅತ್ತಿಗೆ ಬಗ್ಗಿ ನೋಡಿದಳು. "ಇದನ್ನ ಮೊದಲೇ ಹೇಳಬಾರದಿತ್ತಾ? ಇದು ನನಗೆ ಗೊತ್ತಿರೋದೇ. ಮೂಲೆ ಎರಡು ಕತ್ತರಿಸಿದ್ರೆ ಪಕ್ಕದ್ದು ಉಳಿಯುತ್ತೆ." ಒಂದು ತುಂಡನ್ನು ತಿರುಗಿಸಿ ನೋಡಿ, "ಅಂದ್ಹಾಗೆ ನೀನು ಕತ್ತರಿಸಿದ್ದು ಡಾಕ್ಟರಮ್ಮನ ಕೋಟಿನ ನಮೂನೆ" ಎಂದಳು.

ಇಷ್ಟು ಹಟ ಹಿಡಿದು ಪರೀಕ್ಷೆ ಬರೆಯುವುದೇಕೆ ಎಂದು ಲಿಫ್ಟಮ್ಮ ಕೇಳಿದ್ದು ಆ ದಿನವೇ. ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. ಊರಿನ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುವವರು ಬೇಕಾಗಿದ್ದರು. ಅತ್ತಿಗೆ ಅರ್ಜಿ ಹಾಕಿದ್ದಳು. ಅವರು ಅವಳ ಹೊಲಿಗೆ ನೋಡಲೂ ಇಲ್ಲ, ಹತ್ತನೇ ತರಗತಿಯ ಪ್ರಮಾಣಪತ್ರ ಕೇಳಿದರು. ಕೆಲಸ ಸಿಕ್ಕಿದ್ದು ಅವಳ ಹತ್ತಿರವೇ ಮೂರು ವರ್ಷ ಗುಂಡಿಯ ಕಾಜಾ ಹೊಲಿಯುತ್ತಿದ್ದ ಹೆಂಗಸಿಗೆ. "ಅವಳಿಗೆ ಕೈ ಹಿಡಿದು ಕಲಿಸಿದ್ದು ನಾನು. ಅವಳಿಗೆ ಇವತ್ತಿಗೂ ಕಾಲರ್ ಕೂರಿಸೋಕೆ ಬರಲ್ಲ." ಅಷ್ಟು ಹೇಳಿ ಸೂಜಿಗಳನ್ನು ಬಾಯಿಗೆ ಹಾಕಿಕೊಂಡಳು.

ಆಮೇಲೆ ಲಿಫ್ಟಮ್ಮನ ಓದಿನ ರೀತಿ ತನಗೆ ತಾನೇ ಬದಲಾಯಿತು. ಹೊಸ ಪಾಠ ತೆರೆದರೆ ಸಾಕು, ಕಿವಿಯಲ್ಲಿ ಅತ್ತಿಗೆಯ ದನಿ ಕೇಳುತ್ತಿತ್ತು: ಇದು ಎಲ್ಲಿಂದ ಬಂತು, ಹೀಗಲ್ಲದಿದ್ದರೆ ಏನಾಗುತ್ತಿತ್ತು. ಸಂಜೆ ಬೈಸಿಕೊಳ್ಳುವ ಮೊದಲೇ ಉತ್ತರ ಹುಡುಕಿಟ್ಟುಕೊಳ್ಳುತ್ತಿದ್ದಳು. ಮೇಷ್ಟರ ಮುಂದಿನ ಕಿರುಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಐವತ್ತೆರಡು ಬಂತು. ಯಾರ ಹತ್ತಿರ ಕಲಿತಿರಿ ಎಂದು ಮೇಷ್ಟರು ಕೇಳಿದರು. ಕಲಿಯಲಿಲ್ಲ, ಒಬ್ಬರಿಗೆ ಕಲಿಸಿ ಸಾಯುತ್ತಿದ್ದೇನೆ ಎಂದಳು.

ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಗಣಿತ, ವಿಜ್ಞಾನ ಮುಗಿದಿದ್ದವು, ಭಾಷೆಗಳೂ ಹೆಚ್ಚುಕಡಿಮೆ ಮುಗಿದಿದ್ದವು. ಸಮಾಜ ವಿಜ್ಞಾನ ಇನ್ನೂ ಹಾಗೇ ಇತ್ತು. ಒಂದು ಸಂಜೆ ಲಿಫ್ಟಮ್ಮ ಅಂಗಡಿಯ ಮೆಟ್ಟಿಲು ಹತ್ತುವಾಗ ಒಳಗೆ ಪರದೆ ಹೊಲಿಸಲು ಬಂದಿದ್ದ ಹೆಂಗಸಿಗೆ ಅತ್ತಿಗೆ ಹೇಳುತ್ತಿದ್ದುದು ಕೇಳಿಸಿತು. "ನಮ್ಮ ತಮ್ಮನ ಹೆಂಡತಿಗೆ ನಾನೇ ಓದಿಸ್ತಾ ಇದೀನಿ. ನಾನು ಕೆದಕಿ ಕೆದಕಿ ಕೇಳ್ದೇ ಇದ್ರೆ ಅವಳ ತಲೆಗೆ ಏನೂ ಹೋಗಲ್ಲ."

ಅದು ಸುಳ್ಳಾಗಿದ್ದರೆ ಲಿಫ್ಟಮ್ಮ ನಕ್ಕುಬಿಡುತ್ತಿದ್ದಳೋ ಏನೋ. ನಿಜವಾಗಿದ್ದರಿಂದ ಸಹಿಸಲಾಗಲಿಲ್ಲ. ಐದು ತಿಂಗಳು ಡ್ಯೂಟಿ ಮುಗಿಸಿ, ನಿಂತ ಕಾಲಲ್ಲಿ ಪಾಠ ಹೇಳಿ, ಊರವರನ್ನೆಲ್ಲ ಕಾಡಿ ಉತ್ತರ ತಂದದ್ದು ತಾನು. ಒಳಗೆ ಹೋಗಿ, ಇನ್ನು ಮೇಲೆ ನಿಮ್ಮ ಪಾಠ ನೀವು ನೋಡಿಕೊಳ್ಳಿ, ನನ್ನದು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೊರಟುಬಂದಳು. ಅತ್ತಿಗೆ ಕರೆಯಲಿಲ್ಲ. ಗಂಡ ಎರಡೂ ಕಡೆ ತಲೆಯಾಡಿಸಿದ.

ಸಮಾಜ ವಿಜ್ಞಾನವನ್ನು ಲಿಫ್ಟಮ್ಮ ಒಬ್ಬಳೇ ಓದಿದಳು. ಎಷ್ಟು ನೆಮ್ಮದಿಯೆಂದರೆ, ಅಡ್ಡ ಬಾಯಿ ಹಾಕುವವರಿಲ್ಲ, ಸೊಂಟದಳತೆಯಿಲ್ಲ, ಹ್ಞೂಂ ಇಲ್ಲ. ಗೈಡಿನ ಉತ್ತರಗಳು ಒಂದರ ಹಿಂದೆ ಒಂದು ತಲೆಗೆ ಹೋಗಿ ಕೂತವು. ಕಾರಣಗಳ ಮೊದಲಕ್ಷರ ಜೋಡಿಸಿ ನೆನಪಿಟ್ಟುಕೊಂಡಳು. ಅತ್ತಿಗೆ ಅದೇ ಹೊತ್ತಿಗೆ ಬೇರೆ ಉಪಾಯ ಹೂಡಿದ್ದಳೆಂದು ಆಮೇಲೆ ತಿಳಿಯಿತು. ಪಕ್ಕದ ಇಸ್ತ್ರಿ ಅಂಗಡಿಯವನು ಬೆಳಿಗ್ಗೆ ಒಂದು ಪಾಠ ಓದಿ ಹೇಳುತ್ತಿದ್ದ. ಅದನ್ನು ಅತ್ತಿಗೆ ದಿನವಿಡೀ ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ಕೊರಳಿಗೆ ಟೇಪು ಸುತ್ತಿರುವಾಗ ಯಾರು ಓಡಿಹೋಗುತ್ತಾರೆ? ಅವರು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಇಸ್ತ್ರಿಯವನಿಗೆ ಮರುದಿನ ಅದೇ ಪಾಠ ಮತ್ತೆ.

ಪರೀಕ್ಷಾ ಕೇಂದ್ರ ಇಬ್ಬರಿಗೂ ಒಂದೇ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಬರೆದರು. ಗಣಿತದ ದಿನ, ವಿಜ್ಞಾನದ ದಿನ ಲಿಫ್ಟಮ್ಮನ ಪೆನ್ನು ನಿಲ್ಲಲಿಲ್ಲ. ಸಮಾಜದ ದಿನ ಒಂದು ಪ್ರಶ್ನೆ ಬಂತು: ಒಂದು ಊರಿನಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಯಾದಾಗ, ಅಲ್ಲಿಂದ ಹದಿನೈದು ಡಿಗ್ರಿ ರೇಖಾಂಶ ಪೂರ್ವಕ್ಕಿರುವ ಊರಿನಲ್ಲಿ ಸಮಯವೆಷ್ಟು, ಏಕೆ? ರೇಖಾಂಶ ಎಂದರೇನು ಎಂಬುದು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಆ ಊರಿನವರಿಗೆ ಊಟ ಆಗಿರುತ್ತದೋ ಇಲ್ಲವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ವ್ಯಾಖ್ಯೆಯನ್ನು ಬರೆದಳು. ಬರೆಯುವಾಗಲೇ, ಕೇಳಿದ್ದು ಇದಲ್ಲ ಎಂದು ಗೊತ್ತಿತ್ತು. ಮುಂದೆ ಕಾರ್ಖಾನೆಗಳ ಪ್ರಶ್ನೆಗೆ ಮೊದಲಕ್ಷರಗಳಲ್ಲಿ ಒಂದು ಜಾರಿಹೋಗಿ ಉಳಿದವೂ ಅದರ ಬೆನ್ನು ಹತ್ತಿ ಹೋದವು.

ಫಲಿತಾಂಶ ಬಂತು. ಲಿಫ್ಟಮ್ಮನಿಗೆ ಗಣಿತದಲ್ಲಿ ಅರವತ್ತೊಂದು, ವಿಜ್ಞಾನದಲ್ಲಿ ಅರವತ್ತೆಂಟು, ಸಮಾಜದಲ್ಲಿ ಇಪ್ಪತ್ತೊಂಬತ್ತು. ಫೇಲು. ಅತ್ತಿಗೆ ಗಣಿತದಲ್ಲಿ ಅಂಚಿನ ಮೇಲೆ ನಿಂತು ಪಾಸಾಗಿದ್ದಳು, ಇಂಗ್ಲಿಷಿನಲ್ಲೂ ಅಷ್ಟೇ. ಸಮಾಜದಲ್ಲಿ ಎಪ್ಪತ್ತೆರಡು.

ಪೂರಕ ಪರೀಕ್ಷೆಗೆ ಆರು ವಾರ ಇತ್ತು. ಹೊಸ ಲಿಫ್ಟಿನ ಪೆಟ್ಟಿಗೆಗಳು ಆಗಲೇ ಬಂದು ಆಸ್ಪತ್ರೆಯ ಹಿಂದೆ ಬಿದ್ದಿದ್ದವು. ಲಿಫ್ಟಮ್ಮ ಮೂರು ದಿನ ಡ್ಯೂಟಿ ಮುಗಿಸಿ ನೇರ ಮನೆಗೇ ಹೋದಳು. ನಾಲ್ಕನೇ ಸಂಜೆ ಸಮಾಜದ ಪುಸ್ತಕ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು. ಅತ್ತಿಗೆ ಮೆಷಿನ್ನು ನಿಲ್ಲಿಸಿ ಪುಸ್ತಕವನ್ನೂ ಅವಳನ್ನೂ ನೋಡಿದಳು.

"ನಾನು ಪಾಸಾಗಿದೀನಲ್ಲೇ. ನನಗಿನ್ನೇನು ಪಾಠ?"

"ನಿಮಗಲ್ಲ ಅತ್ತಿಗೆ, ನನಗೆ. ನಾನು ಹೇಳ್ತೀನಿ, ನೀವು ಮೊದಲಿನ ಹಾಗೇ ತಲೆ ತಿನ್ನಿ."

ಅತ್ತಿಗೆ ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ಕೆಳಗಿಟ್ಟು, ಕೂರು ಎಂದು ಕೈ ತೋರಿಸಿದಳು. ಐದು ತಿಂಗಳಲ್ಲಿ ಲಿಫ್ಟಮ್ಮನಿಗೆ ಆ ಅಂಗಡಿಯಲ್ಲಿ ಕೂರಲು ಜಾಗ ಸಿಕ್ಕಿದ್ದು ಅದೇ ಮೊದಲು.

ಏನೂ ಗೊತ್ತಿಲ್ಲದವರಿಗೆ ಕಲಿಸುವುದು ಕಷ್ಟ ಎಂದುಕೊಂಡಿದ್ದವಳಿಗೆ, ಎಪ್ಪತ್ತೆರಡು ಅಂಕ ತೆಗೆದವರಿಗೆ ಕಲಿಸುವುದು ಅದಕ್ಕಿಂತ ಕಷ್ಟ ಎಂದು ಮೊದಲ ವಾರದಲ್ಲೇ ತಿಳಿಯಿತು. ಅತ್ತಿಗೆ ಉತ್ತರ ಗೊತ್ತಿದ್ದೂ ಕೇಳುತ್ತಿದ್ದಳು, ತಪ್ಪಿದರೆ ಸೂಜಿ ಕಚ್ಚಿಕೊಂಡೇ ನಗುತ್ತಿದ್ದಳು. ಲಿಫ್ಟಮ್ಮ ಹಲ್ಲು ಕಚ್ಚಿಕೊಂಡು ಆರು ವಾರ ಕಳೆದಳು. ಪೂರಕದಲ್ಲಿ ಐವತ್ತೆಂಟು ಬಂತು. ಹಳೆಯ ಲಿಫ್ಟಿನ ಹಗ್ಗ ಬಿಚ್ಚಿದ ವಾರವೇ ಅವಳು ಉಗ್ರಾಣ ಸೇರಿ, ಹಾಸಿಗೆ ಹೊದಿಕೆ, ದಿಂಬಿನ ಚೀಲ, ಆಪರೇಷನ್ನಿನ ನಿಲುವಂಗಿಗಳ ಕಪಾಟುಗಳ ನಡುವೆ ನಿಂತಳು.

ಅತ್ತಿಗೆ ಪ್ರಮಾಣಪತ್ರ ಹಿಡಿದು ತರಬೇತಿ ಕೇಂದ್ರಕ್ಕೆ ಹೋದಳು. ಹುದ್ದೆಗೆ ವಯೋಮಿತಿ ನಲವತ್ತೈದು ಎಂದು ಅಲ್ಲಿನ ಗುಮಾಸ್ತ ತಲೆಯೆತ್ತದೆ ಹೇಳಿದ. ಮೊದಲ ಸಲ ಹೋದಾಗ ಯಾರೂ ಅದನ್ನು ಹೇಳಿರಲಿಲ್ಲ. ಅತ್ತಿಗೆ ಸುಮ್ಮನೆ ವಾಪಸು ಬಂದು ಮೆಷಿನ್ನಿಗೆ ಕೂತಳು. ಕುಣಿದಾಡಿದ್ದು ಲಿಫ್ಟಮ್ಮ. ಪತ್ರ ಬೇಕು ಎಂದು ಓದಿಸಿದವರು, ಪತ್ರ ತಂದ ಮೇಲೆ ವಯಸ್ಸು ಕೇಳುತ್ತಾರೆಯೇ? ಅಂದೇ ಕೂತು ಎರಡು ಪುಟದ ಅರ್ಜಿ ಬರೆದಳು. ಬರೆದದ್ದನ್ನು ಅತ್ತಿಗೆಗೆ ಓದಿ ಹೇಳಿದಳು. ಅತ್ತಿಗೆ ಪ್ರತಿ ಸಾಲಿಗೂ, ಇದನ್ನ ಯಾಕೆ ಬರೆದೆ, ಅವರು ಹೀಗಂದ್ರೆ ಏನು ಹೇಳ್ತೀಯ ಎಂದು ಕೇಳಿದಳು. ಅರ್ಜಿ ಮೂರು ಸಲ ತಿದ್ದುವಷ್ಟರಲ್ಲಿ ಒಂದು ಪುಟಕ್ಕೆ ಇಳಿಯಿತು, ಆದರೆ ಬಾಯಿ ಮುಚ್ಚಿಸುವಂತಿತ್ತು.

ನಾಲ್ಕು ತಿಂಗಳ ನಂತರ ಉತ್ತರ ಬಂತು. ಕಾಯಂ ಹುದ್ದೆ ಕೊಡಲಾಗದು, ವಾರಕ್ಕೆ ಎರಡು ದಿನ ಅತಿಥಿ ಬೋಧಕಿಯಾಗಿ ಬರಬಹುದು, ಅದಕ್ಕೆ ವಯೋಮಿತಿ ಇಲ್ಲ. ಅತ್ತಿಗೆ ಕಾಗದವನ್ನು ಎರಡು ಸಲ ಓದಿಸಿ ಕೇಳಿ, ಮಡಚಿ, ಮೆಷಿನ್ನಿನ ಡ್ರಾಯರಿನಲ್ಲಿಟ್ಟಳು.

ಮೊದಲ ವಾರ ಪಾಠ ಮುಗಿಸಿ ಅವಳು ನೇರ ಆಸ್ಪತ್ರೆಗೇ ಬಂದಳು. ಉಗ್ರಾಣದ ಬಾಗಿಲಲ್ಲಿ ನಿಂತು, ಚೀಲ ಕೆಳಗಿಟ್ಟು, ಮಡಚಿಟ್ಟ ಹೊದಿಕೆಗಳ ಕಟ್ಟಿನ ಮೇಲೆ ಕೂತೇಬಿಟ್ಟಳು. ಮುಖ ಗಂಟಿಕ್ಕಿತ್ತು.

"ಹೇಳಿದ್ದಕ್ಕೆಲ್ಲ ತಲೆಯಾಡಿಸ್ತಾರೆ ಕಣೇ. ಇಪ್ಪತ್ತು ಜನ ಇದ್ದಾರೆ, ಒಬ್ಬರಾದ್ರೂ ಯಾಕೆ ಅಂತ ಕೇಳಲ್ಲ. ಹೀಗಾದ್ರೆ ನಾನು ಏನು ಕಲಿಸ್ಲಿ?"

ಲಿಫ್ಟಮ್ಮ ಅವಳನ್ನು ಏಳಿಸಿ, ಕೆಳಗಿನ ಕಟ್ಟನ್ನು ಎಳೆದುಕೊಂಡಳು. ತೊಳೆದು ಬಂದ ಹೊದಿಕೆಗಳ ಮೇಲೆ ಹಾಗೆಲ್ಲ ಕೂರಬಾರದು ಎಂದಳು.

"ಯಾಕೆ?" ಎಂದಳು ಅತ್ತಿಗೆ.

ಲಿಫ್ಟಮ್ಮ ನಿಟ್ಟುಸಿರು ಬಿಟ್ಟು, ರೋಗಾಣುಗಳು ಹೇಗೆ ಹರಡುತ್ತವೆ ಎಂದು ಹೇಳತೊಡಗಿದಳು.